ಹೊರಗಿನ ಚಿಲಕ

ಸೂಜಿಯಕ್ಕನಿಗೆ ತಂದೆ ತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಕಸೂತಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ನಮೂನೆ ಚುಚ್ಚಿದ ಮೇಲೆ ಆ ಹೆಸರು ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಅಲ್ಲಿ ನರ್ಸು ಆ ಹೆಸರು ಹಿಡಿದು ಕೂಗಿದರೆ ಸೂಜಿಯಕ್ಕ ತಾನೂ ಎಲ್ಲರ ಜೊತೆ ಅತ್ತಿತ್ತ ನೋಡುತ್ತಿದ್ದಳು.

ಕಸೂತಿಯವರು ಬಟ್ಟೆಯ ಮೇಲೆ ನೇರವಾಗಿ ಹೂವು ಬರೆಯುವುದಿಲ್ಲ. ತೆಳುವಾದ ಕಾಗದದ ಮೇಲೆ ಬರೆದು, ಅದರ ಕೆಳಗೆ ಕಂಬಳಿ ಹಾಸಿ, ಮರದ ಹಿಡಿಯ ಸೂಜಿಯಿಂದ ಗೆರೆಯುದ್ದಕ್ಕೂ ಒತ್ತೊತ್ತಾಗಿ ತೂತು ಚುಚ್ಚಬೇಕು. ಆಮೇಲೆ ಕಾಗದವನ್ನು ಬಟ್ಟೆಯ ಮೇಲಿಟ್ಟು ಇದ್ದಿಲು ಪುಡಿಯ ಗಂಟಿನಿಂದ ಒರೆಸಿದರೆ, ತೂತುಗಳಲ್ಲಿ ಪುಡಿ ಇಳಿದು ಕೆಳಗೆ ಹೂವು ಮೂಡುತ್ತದೆ. ಒಂದು ಹೂವನ್ನು ನೆಟ್ಟಗೆ ಚುಚ್ಚಿಟ್ಟುಕೊಂಡರೆ ಸಾಕು, ಅದನ್ನೇ ಸರಿಸುತ್ತಾ ಮೇಜಿನ ಹಾಸಿನ ಅಂಚಿಗೆಲ್ಲ ನೂರು ಹೂವು ಇಳಿಸಬಹುದು. ತಪ್ಪಿ ಎಲ್ಲೋ ತೂತು ಬಿದ್ದರೆ ಅದನ್ನು ಅಳಿಸಲು ಬರುವುದಿಲ್ಲ. ಕಾಗದ ತಿರುಗಿಸಿ, ಎದ್ದಿರುವ ಅಂಚನ್ನು ಹೆಬ್ಬೆರಳಿನ ಉಗುರಿನಿಂದ ಉಜ್ಜಿ ಕೂರಿಸಬೇಕು. ತೂತು ಹೋಗುವುದಿಲ್ಲ, ಬಾಯಿ ಮುಚ್ಚುತ್ತದೆ ಅಷ್ಟೆ.

ಅವಳ ಅಮ್ಮನೂ ಅದೇ ಕಾರ್ಖಾನೆಯಲ್ಲಿ ನಲವತ್ತು ವರ್ಷ ಕಸೂತಿ ಹಾಕಿದವಳು. ಆರು ವರ್ಷದ ಹಿಂದೆ ಕಣ್ಣು ಪೂರ್ತಿ ಹೋಯಿತು. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟ ಮುರಿಯಿತು. ಅಂದಿನಿಂದ ಕಿಟಕಿ ಪಕ್ಕದ ಕುರ್ಚಿ ಬಿಟ್ಟರೆ ಹಾಸಿಗೆ, ಹಾಸಿಗೆ ಬಿಟ್ಟರೆ ಕುರ್ಚಿ. ಆದರೆ ಬೆರಳು ಮಾತ್ರ ಮೊದಲಿನ ಹಾಗೇ ಇದ್ದವು. ಚುಚ್ಚಿದ ಕಾಗದದ ಹಿಂಬದಿಯಲ್ಲಿ ಏಳುವ ಉಬ್ಬನ್ನು ಸವರಿ ಅವಳು ಚಿತ್ರ ಓದುತ್ತಿದ್ದಳು. ಹಿಂದಿನಿಂದ ಮುಟ್ಟಿದಾಗ ಎಡ ಬಲ ಅದಲು ಬದಲಾಗುತ್ತದೆಂದು ಸೂಜಿಯಕ್ಕ ಅಮ್ಮನಿಗಾಗಿ ಎಲ್ಲವನ್ನೂ ಉಲ್ಟಾ ಚುಚ್ಚುವುದನ್ನು ಕಲಿತಿದ್ದಳು. ಭಾನುವಾರ ತಾನು ಬರೆದುಕೊಂಡು ಬಂದ ರೈಲು ನಿಲ್ದಾಣ, ಹಳೇ ಸೇತುವೆ, ಮಾರುಕಟ್ಟೆಯ ಗಡಿಯಾರದ ಗೋಪುರ ಎಲ್ಲವನ್ನೂ ಸೋಮವಾರ ಚುಚ್ಚಿ ಅಮ್ಮನ ತೊಡೆಯ ಮೇಲಿಡುತ್ತಿದ್ದಳು. ಅಮ್ಮ ಹೊಗಳುವ ಪೈಕಿಯಲ್ಲ. "ಗಡಿಯಾರಕ್ಕೆ ಮುಳ್ಳೇ ಇಲ್ವಲ್ಲೇ, ಟೈಮ್ ಎಷ್ಟು ಅಂತ ನಿನ್ನ ಕೇಳ್ಬೇಕಾ?" ಎನ್ನುತ್ತಿದ್ದಳು.

ಭಾನುವಾರ ಅವಳು ಚಿತ್ರ ಬರೆಯಲು ಹೋಗುತ್ತಿದ್ದ ಗುಂಪಿನಲ್ಲಿ ಒಂಬತ್ತು ಜನ. ಎಲ್ಲರೂ ಕೆಲಸದಿಂದ ನಿವೃತ್ತರಾದವರು, ಇಲ್ಲವೇ ಮನೆಯಿಂದ ನಿವೃತ್ತಿ ಸಿಗದವರು. ಅವರನ್ನು ಕಟ್ಟಿಕೊಂಡು ಊರೂರು ಅಲೆಯುವ ಡ್ರಾಯಿಂಗ್ ಮೇಷ್ಟ್ರು ಆ ತಿಂಗಳು ಒಂದು ದೂರದ ಜಾಗ ಗೊತ್ತುಮಾಡಿದ್ದರು. ನೂರೈವತ್ತು ವರ್ಷದ ಹಳೆಯ ಚಹಾ ತೋಟ. ಮುಚ್ಚಿ ಹಾಳು ಬಿದ್ದಿದ್ದನ್ನು ಯಾವುದೋ ಟ್ರಸ್ಟಿನವರು ದುರಸ್ತಿ ಮಾಡಿಸಿ, ಟಿಕೆಟ್ಟಿಟ್ಟು ಜನರಿಗೆ ತೋರಿಸುತ್ತಿದ್ದರು. ಸೂಜಿಯಕ್ಕ ಆ ತೋಟದ ಹೆಸರು ಹೇಳಿದಾಗ ಅಮ್ಮ ಕುಡಿಯುತ್ತಿದ್ದ ಲೋಟ ಕೆಳಗಿಟ್ಟಳು.

"ಲೈನು ಮನೆಗಳೂ ಇವೆಯಂತಾ?" ಎಂದು ಕೇಳಿದಳು.

"ಇವೆಯಂತೆ. ಹನ್ನೆರಡು ಬಾಗಿಲಿನ ಒಂದು ಸಾಲು ಉಳಿಸಿದಾರಂತೆ."

ಅಮ್ಮ ಹುಟ್ಟಿದ್ದು ತೋಟದ ಕೂಲಿಯವರ ಆ ಸಾಲುಮನೆಯಲ್ಲಿ. ಅಲ್ಲಿಂದ ಬಂದ ಮೇಲೆ ಎಪ್ಪತ್ತು ವರ್ಷದಲ್ಲಿ ಒಮ್ಮೆಯೂ ಆ ಕಡೆ ತಲೆ ಹಾಕಿದವಳಲ್ಲ. ಯಾಕೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳುತ್ತಿರಲಿಲ್ಲ.

ಸೂಜಿಯಕ್ಕನಿಗೆ ಒಬ್ಬ ಸೋದರಮಾವನಿದ್ದ. ಅವನ ವಯಸ್ಸು ಹನ್ನೊಂದು ತಿಂಗಳು. ಅವಳಿಗೆ ಐವತ್ತಾರಾದರೂ ಮಾವನಿಗೆ ಹನ್ನೊಂದೇ ತಿಂಗಳು, ಬಾಯಲ್ಲಿ ಎರಡೇ ಹಲ್ಲು. ಅಜ್ಜಿ ಬೆಳಿಗ್ಗೆ ಎಲೆ ಕೀಳಲು ಗುಡ್ಡ ಹತ್ತಿದರೆ ಇಳಿಯುವುದು ಸಂಜೆ. ತಾತ ಅಷ್ಟು ಹೊತ್ತಿಗಾಗಲೇ ತೀರಿಕೊಂಡಿದ್ದ. ಮಗುವನ್ನು ನೋಡಿಕೊಳ್ಳುತ್ತಿದ್ದುದು ಎಂಟು ವರ್ಷದ ಅಕ್ಕ, ಅಂದರೆ ಈ ಅಮ್ಮ. ಒಂದು ದಿನ ಬಟ್ಟೆಯ ತೊಟ್ಟಿಲಲ್ಲಿದ್ದ ಮಗುವಿಗೆ ಜ್ವರ ಏರಿ ಸೆಳೆತ ಬಂತು. ಸಂಜೆ ಅಜ್ಜಿ ಬರುವಷ್ಟರಲ್ಲಿ ಮೈ ತಣ್ಣಗಾಗಿತ್ತು.

ಆಮೇಲೆ ಅಜ್ಜಿ ಮಗಳನ್ನು ಕರೆದುಕೊಂಡು ತೋಟ ಬಿಟ್ಟಳು. ಊರಿಗೆ ಬಂದು ಪಾತ್ರೆ ತಿಕ್ಕಿದಳು, ಮಗಳನ್ನು ಬೆಳೆಸಿದಳು, ಮದುವೆ ಮಾಡಿದಳು, ಕೊನೆಗೆ ಮಗಳ ಮನೆಯಲ್ಲೇ ಒಂಬತ್ತು ವರ್ಷ ಮಲಗಿದಲ್ಲೇ ಇದ್ದು ಹೋದಳು. ಒಳ್ಳೆಯ ಹೆಂಗಸು. ಮೊಮ್ಮಗಳಿಗೆ ನಡುಗುವ ಕೈಯಲ್ಲೇ ಜಡೆ ಹಾಕುತ್ತಿದ್ದಳು. ಆದರೆ ವರ್ಷಕ್ಕೊಮ್ಮೆಯೋ ಎರಡು ಸಲವೋ, ಯಾವ ಕಾರಣವೂ ಇಲ್ಲದೆ, ಗೋಡೆ ನೋಡುತ್ತಾ ಒಂದು ಮಾತು ಅನ್ನುತ್ತಿದ್ದಳು: "ಬಾಗಿಲು ತೆರೆದೇ ಇತ್ತಲ್ಲೇ. ಓಡಿ ಬಂದು ಒಂದು ಕೂಗು ಹಾಕಬಾರದಿತ್ತಾ? ನಿದ್ದೆ ಹೋದ್ಯಲ್ಲೇ." ಅಮ್ಮ ಅವಳ ತಲೆ ಬಾಚುತ್ತಲೇ ಇರುತ್ತಿದ್ದಳು. ಒಂದೇ ಒಂದು ಸಲ, ಸೂಜಿಯಕ್ಕನಿಗೆ ಹನ್ನೆರಡು ವರ್ಷವಿದ್ದಾಗ, ಅಮ್ಮ ಬಾಚಣಿಗೆ ನಿಲ್ಲಿಸಿ, "ಹೊರಗಿನಿಂದ ಚಿಲಕ ಹಾಕಿತ್ತಮ್ಮ" ಎಂದಿದ್ದಳು. ಅಜ್ಜಿ ತಕ್ಷಣ, "ಲೈನು ಮನೆಗೆ ಹೊರಗೆ ಎಲ್ಲಿಯ ಚಿಲಕ? ಕನಸು ಕಂಡಿದ್ದೀಯ" ಎಂದಳು. ಅಮ್ಮ ಮತ್ತೆ ಬಾಚತೊಡಗಿದಳು.

ಈಗ ಅಮ್ಮ ಕುರ್ಚಿಯ ಕೈ ಹಿಡಿದುಕೊಂಡು ಹೇಳಿದಳು: "ನೀರಿನ ತೊಟ್ಟಿ ಕಡೆಯಿಂದ ಎಣಿಸು. ಐದನೇ ಬಾಗಿಲು. ಹೊರಗಡೆ ಮೈ ನೋಡು, ಒಳಗಡೆದಲ್ಲ. ಅಲ್ಲಿ ಏನಾದ್ರೂ ಇತ್ತು ಅನ್ನೋ ಗುರುತು ಇದ್ರೆ ಇದೆ ಅಂತ ಚುಚ್ಚು. ಇಲ್ದಿದ್ರೆ ಬರೀ ಹಲಗೆ ಚುಚ್ಚು. ನನ್ನ ಮುಖ ನೋಡ್ಕೊಂಡು ಚುಚ್ಚಬೇಡ."

"ಅಷ್ಟು ವರ್ಷ ಆದ್ಮೇಲೆ ಅದೇ ಬಾಗಿಲು ಇರತ್ತೇನಮ್ಮಾ?"

"ಇಲ್ದೇ ಇರಬಹುದು. ಆದ್ರೂ ನೋಡು. ನಿದ್ದೆ ಹೋಗಿದ್ನಾ ಇಲ್ವಾ ಅಂತ ತಿಳ್ಕೊಂಡು ಸಾಯ್ತೀನಿ."

ಆ ಭಾನುವಾರ ಕೆಳಗಿನ ಮನೆಯ ಟೈಲರನ ಹೆಂಡತಿಯನ್ನು ಅಮ್ಮನ ಹತ್ತಿರ ಬಿಟ್ಟು ಸೂಜಿಯಕ್ಕ ಬಸ್ಸು ಹತ್ತಿದಳು. ನಾಲ್ಕು ಗಂಟೆಯ ದಾರಿ. ಗುಂಪಿನಲ್ಲಿದ್ದ ಹಲ್ಲಿನ ಡಾಕ್ಟರು ದಾರಿಯುದ್ದಕ್ಕೂ ತಮ್ಮ ಹೊಸ ಬಣ್ಣದ ಪೆಟ್ಟಿಗೆಯನ್ನು ಎಲ್ಲರ ಮೂಗಿನ ಹತ್ತಿರ ಹಿಡಿದರು. ಅವರ ಬಳಿ ಎಪ್ಪತ್ತೆರಡು ಬಣ್ಣಗಳಿದ್ದವು, ಬರೆಯುತ್ತಿದ್ದುದು ಮಾತ್ರ ಎಲ್ಲಿ ಹೋದರೂ ಒಂದೇ ಮರ. ಸೇತುವೆ ಬರೆಯಲು ಹೋದಾಗಲೂ ಮರವನ್ನೇ ಬರೆದಿದ್ದರು. ಬೇರೆ ದಿನವಾಗಿದ್ದರೆ ಸೂಜಿಯಕ್ಕ ಅವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಅಂದು ನಗುವುದಕ್ಕೂ ಬಾಯಿ ಬರಲಿಲ್ಲ.

ತೋಟದ ಗೇಟಿನಲ್ಲಿ ಮೈಕು ಸಿಕ್ಕಿಸಿಕೊಂಡ ಗೈಡು ಹುಡುಗಿ ಕಾಯುತ್ತಿದ್ದಳು. ಮೊದಲು ಎಲೆ ಒಣಗಿಸುವ ಅಟ್ಟ, ಆಮೇಲೆ ಎಲೆ ಹೊಸೆಯುವ ಯಂತ್ರ, ಆಮೇಲೆ ಮ್ಯಾನೇಜರನ ಬಂಗಲೆ. ಬಂಗಲೆಯ ಮುಂದೆ ಹದಿನಾಲ್ಕು ಕಂಬಗಳ ಜಗಲಿ, ಅದರ ಮುಂದೆ ನುಣ್ಣಗೆ ಕತ್ತರಿಸಿದ ಹುಲ್ಲು. ಗುಂಪಿನವರೆಲ್ಲ ಹುಲ್ಲು ಕಂಡವರೇ ಚಾಪೆ ಬಿಡಿಸಿದರು. ಮೇಷ್ಟ್ರು ಅವರ ಮಧ್ಯೆ ಓಡಾಡುತ್ತಾ, "ಕಂಬ ಎಣಿಸಿ ಬರೀರಿ, ಅಂದಾಜಿಗೆ ಬರೀಬೇಡಿ" ಎನ್ನುತ್ತಿದ್ದರು. ಸೂಜಿಯಕ್ಕ ತನ್ನ ಪುಸ್ತಕ, ಮಡಚುವ ಸ್ಟೂಲು ಹಿಡಿದು ಇಳಿಜಾರಿನ ಕಡೆ ನಡೆದಳು.

ಲೈನು ಮನೆಗಳು ಬಂಗಲೆಯಿಂದ ಕಾಣದ ಕಡೆ ಇದ್ದವು, ಕಾಣದಿರಲೆಂದೇ ಅಲ್ಲಿ ಕಟ್ಟಿದ್ದರು. ಒಂದೇ ಉದ್ದನೆಯ ಕಟ್ಟಡ, ಹನ್ನೆರಡು ಬಾಗಿಲು. ಗೋಡೆಗೆ ಹೊಸ ಸುಣ್ಣ ಬಳಿದು, ಪ್ರತಿ ಬಾಗಿಲಿಗೂ ಒಂದೊಂದು ಹೂವಿನ ಕುಂಡ ಇಟ್ಟಿದ್ದರು. ಇಲ್ಲಿ ಯಾರಾದರೂ ಇದ್ದಾಗ ಒಂದು ಕುಂಡವೂ ಇದ್ದಿರಲಾರದು ಅನ್ನಿಸಿ ಅವಳಿಗೆ ಸಿಟ್ಟು ಬಂತು. ತೊಟ್ಟಿಯ ಕಡೆಯಿಂದ ಎಣಿಸಿದಳು. ಐದನೆಯ ಬಾಗಿಲ ಮುಂದೆ ಸ್ಟೂಲು ಹಾಕಿ ಕೂತಳು.

ದಪ್ಪ ಹಲಗೆಗಳ ಬಾಗಿಲು. ಬಣ್ಣ ಕೆರೆದು ಎಣ್ಣೆ ಹಚ್ಚಿದ್ದರು. ಮೊದಲ ನೋಟಕ್ಕೆ ಅದರ ಮೇಲೆ ಏನೂ ಇರಲಿಲ್ಲ. ಅಮ್ಮ ನಿದ್ದೆ ಹೋಗಿದ್ದಳೇನೋ. ಎಂಟು ವರ್ಷದ ಮಗು, ನಿದ್ದೆ ಹೋದರೆ ತಪ್ಪೇನು? ಹೀಗೆ ಅಂದುಕೊಳ್ಳುತ್ತಲೇ ಪೆನ್ಸಿಲು ತೆಗೆದು, ಚೌಕಟ್ಟು, ಹಲಗೆ, ಹಲಗೆಯ ಗೆರೆ ಎಂದು ಒಂದೊಂದಾಗಿ ಬರೆಯತೊಡಗಿದಳು. ಬರೆಯುವಾಗ ಕಣ್ಣು ಸುಮ್ಮನೆ ನೋಡುವಾಗಿನ ಹಾಗೆ ಓಡುವುದಿಲ್ಲ. ಮೂರನೇ ಹಲಗೆಗೆ ಬಂದಾಗ, ನಿಂತ ಹೆಂಗಸಿನ ಭುಜದೆತ್ತರದಲ್ಲಿ, ತೂತುಗಳು ಕಂಡವು.

ಎದ್ದು ಹತ್ತಿರ ಹೋದಳು. ನಾಲ್ಕು ಮೊಳೆ ತೂತು, ಚೌಕಾಕಾರದಲ್ಲಿ. ಮೂರನೆಯದರ ಪಕ್ಕದಲ್ಲಿ ಐದನೆಯದೊಂದು, ಓರೆಯಾಗಿ ನುಗ್ಗಿ, ಅದರ ಕೆಳಗೆ ಮರ ಒಂದು ಬೆರಳುದ್ದ ಸೀಳಿತ್ತು. ಅವುಗಳ ಸುತ್ತ ಒಂದು ಪಟ್ಟಿಯಷ್ಟಗಲ ತುಕ್ಕಿನ ಕಲೆ. ಪಕ್ಕದ ಚೌಕಟ್ಟಿನಲ್ಲಿ ಇನ್ನೊಂದೇ ತೂತು. ಎರಡರ ನಡುವೆ, ತಗಡಿನ ಪಟ್ಟಿಯೊಂದು ಮೇಲೆ ಕೆಳಗೆ ಆಡಿ ಆಡಿ ಕೆರೆದ ಬಿಲ್ಲಿನಂಥ ಗೀರು.

ಚಿಲಕ ಇತ್ತು. ಅಮ್ಮ ಕನಸು ಕಂಡಿರಲಿಲ್ಲ.

"ಎಲ್ಲರೂ ಬಂಗಲೆ ಬರೀತಿದ್ರೆ ನೀವು ಬಾಗಿಲಿಗೆ ಮೂಗು ತಾಗಿಸ್ಕೊಂಡು ನಿಂತಿದೀರಲ್ಲಮ್ಮಾ," ಎಂದು ಹಿಂದಿನಿಂದ ಯಾರೋ ಅಂದರು. ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡ ವಯಸ್ಸಾದ ಬಡಗಿ. ದುರಸ್ತಿ ಕೆಲಸವೆಲ್ಲ ಅವನದೇ.

"ಈ ತೂತು ನೀವು ಹೊಡೆದಿದ್ದಾ?" ಎಂದು ಕೇಳಿದಳು.

"ನಾನು ಹೊಡೆದ್ರೆ ಹೀಗೆ ಹೊಡೀತೀನಾ? ಮರ್ಯಾದೆ ಪ್ರಶ್ನೆ ಅದು. ಹಳೇದು ಕಣಮ್ಮಾ. ಏಳು ಪದರ ಬಣ್ಣ ಕೆರೆದ್ಮೇಲೆ ಸಿಕ್ತು. ಮುಚ್ತೀನಿ ಅಂದೆ, ಹಳೇದನ್ನ ಮುಟ್ಟಬೇಡ ಅಂದ್ರು."

"ಕಂಪನಿಯವ್ರು ಹೊರಗಿನಿಂದ ಚಿಲಕ ಹಾಕ್ತಿದ್ರು ಅಲ್ವಾ? ಕೆಲಸಗಾರರು ಓಡಿ ಹೋಗದೇ ಇರಲಿ ಅಂತ?"

ಬಡಗಿ ತಲೆಯಾಡಿಸಿದ. "ಕಂಪನಿ ಹಾಕಿದ್ರೆ ಹನ್ನೆರಡಕ್ಕೂ ಹಾಕ್ತಿತ್ತು, ಒಂದೇ ಅಳತೆ, ತಿರುಪು ಮೊಳೆ. ಒಳಗಿನ ಚಿಲಕ ನೋಡಿ ಬೇಕಾದ್ರೆ, ಹಾಗೇ ಇದೆ. ಇದು ಮನೆಯವ್ರ ಕೆಲಸ. ಈ ತುಕ್ಕು ನೋಡಿ, ಚಹಾ ಪೆಟ್ಟಿಗೆಗೆ ಸುತ್ತೋ ತಗಡು. ಹೊಡೆದಿರೋದು ಸುತ್ತಿಗೆಯಲ್ಲೂ ಅಲ್ಲ, ಕಲ್ಲಲ್ಲಿ. ಸುತ್ತ ಮರ ಜಜ್ಜಿದೆ ನೋಡಿ. ಮನೇಲಿ ಸುತ್ತಿಗೆ ಇಲ್ದಿರೋರು ಯಾರೋ, ಪಾಪ."

ಅವನು ಹೋದ ಮೇಲೆ ಸೂಜಿಯಕ್ಕ ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದಳು. ಉಳಿದ ಹನ್ನೊಂದು ಬಾಗಿಲುಗಳನ್ನೂ ಕಣ್ಣಿನಿಂದ ನೋಡಿ, ಕಣ್ಣು ಸಾಲದೆ ಬೆರಳಿನಿಂದಲೂ ಸವರಿದಳು. ಒಂದರಲ್ಲೂ ಏನೂ ಇರಲಿಲ್ಲ. ಮತ್ತೆ ಐದನೆಯದಕ್ಕೆ ಬಂದು ಒಳಗೆ ಹೋದಳು. ನಾಲ್ಕು ಹೆಜ್ಜೆ ಅಗಲ, ಐದು ಹೆಜ್ಜೆ ಉದ್ದ. ಟ್ರಸ್ಟಿನವರು ಒಂದು ಮಂಚ, ಒಂದು ಹೊಳೆಯುವ ಕೆಟಲು ತಂದಿಟ್ಟಿದ್ದರು. ಕಿಟಕಿ ಇರಲಿಲ್ಲ, ಸೂರಿನ ಹತ್ತಿರ ಅಂಗೈಯಗಲದ ಒಂದು ಗಾಳಿಗಂಡಿ. ತೊಲೆಯಲ್ಲಿ ತೊಟ್ಟಿಲ ಹಗ್ಗ ಕಟ್ಟುವ ಕೊಕ್ಕೆ ಹಾಗೇ ಇತ್ತು. ಅವಳು ಬಾಗಿಲು ಮುಚ್ಚಿದಳು. ಕತ್ತಲಲ್ಲಿ ನಿಂತು ಅಂಗೈಯಿಂದ ಬಾಗಿಲನ್ನು ಜೋರಾಗಿ ನಾಲ್ಕೈದು ಸಲ ಬಡಿದಳು.

ಹೊರಗೆ ಬಂದಾಗ ಹಲ್ಲಿನ ಡಾಕ್ಟರು ಮೂವತ್ತು ಹೆಜ್ಜೆ ದೂರದಲ್ಲಿ ಕೂತು, ಹುಲ್ಲು ಬೇಸರವಾಗಿ ಬಂದವರು, ಮರ ಬರೆಯುತ್ತಿದ್ದರು.

"ಬಾಗಿಲು ಬಡಿದೆ, ಕೇಳಿಸ್ತಾ?" ಎಂದಳು.

"ಇಲ್ವಲ್ಲ. ಯಾಕೆ, ಒಳಗೆ ಸಿಕ್ಕಿಹಾಕ್ಕೊಂಡ್ರಾ?" ಎಂದು ಅವರು ಕುಂಚ ಕೆಳಗಿಡದೆ ನಕ್ಕರು.

ವಾಪಸು ಬರುವ ಬಸ್ಸಿನಲ್ಲಿ ಅವಳು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನೋಡಿಕೊಂಡು ಬಾ ಎಂದು ಅಮ್ಮ ಕಳಿಸಿದ್ದು ಒಂದನ್ನು, ಕಂಡಿದ್ದು ಎರಡು. ಚಿಲಕ ಇತ್ತು. ಅದನ್ನು ಹೊಡೆದವಳು ಅಜ್ಜಿ. ಮಕ್ಕಳು ಹೊರಗೆ ಹೋಗದಿರಲೆಂದು ಬೆಳಿಗ್ಗೆ ತಾನೇ ಹಾಕಿ, ಸಂಜೆ ತಾನೇ ತೆಗೆದು ಒಳಗೆ ಹೋಗಿ ಮಗುವನ್ನು ಕಂಡವಳು. ಆಮೇಲೆ ಆ ತಗಡನ್ನು ಕಿತ್ತೆಸೆದು, ಬಾಗಿಲು ತೆರೆದೇ ಇತ್ತು ಎಂದು ಎಂಟು ವರ್ಷದ ಮಗಳಿಗೆ ಹೇಳಿ, ಸಾಯುವವರೆಗೂ ಹೇಳಿ, ಬಹುಶಃ ತಾನೂ ಅದನ್ನೇ ನಂಬಿಕೊಂಡು ಹೋದವಳು. ಅಜ್ಜಿಯ ಮೇಲೆ ಸೂಜಿಯಕ್ಕನಿಗೆ ಕೆಟ್ಟ ಕೋಪ ಬಂತು. ಹಿಂದೆಯೇ ಅಜ್ಜಿ ಜಡೆ ಹಾಕುವಾಗಿನ ನಡುಗುವ ಕೈ ನೆನಪಾಗಿ ಅಳು ಬಂತು. ಕಿಟಕಿ ಕಡೆ ತಿರುಗಿ ಅತ್ತಳು.

ಇದನ್ನು ಹೋಗಿ ಅಮ್ಮನಿಗೆ ಹೇಗೆ ಹೇಳುವುದು? ಒಂಬತ್ತು ವರ್ಷ ಆ ತಾಯಿಯ ಮಲ ಮೂತ್ರ ಬಾಚಿದವಳಿಗೆ? ಊರು ಹತ್ತಿರ ಬರುವಷ್ಟರಲ್ಲಿ ಅವಳು ಒಂದು ದಾರಿ ಕಂಡುಕೊಂಡಿದ್ದಳು. ಚಿಲಕ ಇತ್ತೆಂದು ತೋರಿಸಬೇಕು, ಹನ್ನೆರಡು ಬಾಗಿಲಿಗೂ ಇತ್ತೆಂದು ತೋರಿಸಬೇಕು. ಆಗ ಅದು ಕಂಪನಿಯ ಕೆಲಸವಾಗುತ್ತದೆ. ಕಂಪನಿ ಮುಚ್ಚಿ ಯಾವ ಕಾಲವಾಯಿತೋ, ಮಾಡಿದ್ದೇ ಅಷ್ಟಿರುವಾಗ ಮಾಡದ ಪಾಪ ಇನ್ನೊಂದು ಸೇರಿದರೆ ಅದಕ್ಕೇನೂ ಭಾರವಾಗದು. ಅಮ್ಮನೂ ಉಳಿಯುತ್ತಾಳೆ, ಅಜ್ಜಿಯೂ ಉಳಿಯುತ್ತಾಳೆ.

ಮಾರನೆಯ ದಿನ ಮಧ್ಯಾಹ್ನ ಕಾರ್ಖಾನೆಗೆ ರಜೆ ಹಾಕಿ, ಅಡುಗೆ ಮನೆಯ ಮೇಜಿನ ಮೇಲೆ ಕಂಬಳಿ ಹಾಸಿದಳು. ಮೊದಲು ಒಂದು ಸಣ್ಣ ಕಾಗದದಲ್ಲಿ ಒಂದು ಬಾಗಿಲು ಎಂದಿನಂತೆ ಉಲ್ಟಾ ಚುಚ್ಚಿದಳು, ಉಳಿದದ್ದೆಲ್ಲ ಪುಸ್ತಕದಲ್ಲಿ ಬರೆದುಕೊಂಡಿದ್ದ ಹಾಗೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಮೂವತ್ತೊಂದು ವರ್ಷದ ಕೈ, ಸುಳ್ಳಿಗೂ ಅಂದಾಜಿನಲ್ಲಿ ಚುಚ್ಚಲು ಅದಕ್ಕೆ ಬರುತ್ತಿರಲಿಲ್ಲ. ಆಮೇಲೆ ಆ ಅಚ್ಚನ್ನು ಉದ್ದನೆಯ ಕಾಗದದ ಮೇಲೆ ಸರಿಸುತ್ತಾ, ಪುಡಿ ಒರೆಸುತ್ತಾ, ಅಂಚಿಗೆ ಹೂವು ಇಳಿಸುವ ಹಾಗೆ ಹನ್ನೆರಡು ಬಾಗಿಲು ಇಳಿಸಿ, ತುದಿಗೆ ನೀರಿನ ತೊಟ್ಟಿ ಬರೆದಳು. ಎಲ್ಲಕ್ಕೂ ಸೂಜಿ ಹಾಕಿ ಮುಗಿಸುವಾಗ ಮೂರು ಗಂಟೆಯಾಗಿತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಚೆನ್ನಾಗಿ ಬಂದಿತ್ತು.

ಅಮ್ಮ ಕುರ್ಚಿಯಲ್ಲಿ ಸೆರಗು ಸರಿಮಾಡಿಕೊಂಡು ಕಾಯುತ್ತಿದ್ದಳು. ಹಿಂದಿನ ಸಂಜೆಯಿಂದ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಕಾಗದ ತೊಡೆಗೆ ಬಂದ ಕೂಡಲೇ ತೊಟ್ಟಿಯನ್ನು ಹುಡುಕಿಕೊಂಡಳು. ಅಲ್ಲಿಂದ ಬೆರಳು ಮೊದಲ ಬಾಗಿಲಿಗೆ ಹೋಗಿ, ಭುಜದೆತ್ತರದಲ್ಲಿ ನಿಂತಿತು.

"ಮೊದಲನೇದಕ್ಕೂ ಇದೆಯಾ?"

"ಎಲ್ಲದಕ್ಕೂ ಇದೆಯಮ್ಮ," ಎಂದಳು ಸೂಜಿಯಕ್ಕ. ಬಸ್ಸಿನಲ್ಲಿ ಹತ್ತು ಸಲ ಮನಸ್ಸಿನಲ್ಲಿ ಹೇಳಿಕೊಂಡ ಮಾತು. "ಕಂಪನಿಯವ್ರು ಹಾಕಿಸಿದ್ದಂತೆ. ನೀನು ಹೇಳಿದ್ದು ನಿಜ. ಹೊರಗಿನಿಂದ ಚಿಲಕ ಇತ್ತು. ನಿಂದೇನೂ ತಪ್ಪಿರಲಿಲ್ಲ."

ಅಮ್ಮನ ಬೆರಳು ಎರಡನೆಯ ಬಾಗಿಲಿಗೆ, ಮೂರನೆಯದಕ್ಕೆ, ನಾಲ್ಕನೆಯದಕ್ಕೆ ಹೋಯಿತು. ಐದನೆಯದರಲ್ಲಿ ಬಹಳ ಹೊತ್ತು ಇತ್ತು. ಆಮೇಲೆ ಕೊನೆಯವರೆಗೂ ಹೋಗಿ, ತಿರುಗಿ ಒಂಬತ್ತಕ್ಕೆ ಬಂತು, ಏಳಕ್ಕೆ ಬಂತು, ಮತ್ತೆ ಐದಕ್ಕೆ ಬಂತು.

"ಈ ಮೂರನೇ ತೂತಿನ ಪಕ್ಕ ಇದೇನೇ?"

"ಅದಾ? ಮೊಳೆ ಜಾರಿ, ಇನ್ನೊಂದು ಹೊಡೆದಿದಾರೆ."

"ಕೆಳಗೆ ಗೆರೆ?"

"ಮರ ಸೀಳಿದೆ."

"ಹನ್ನೆರಡು ಬಾಗಿಲಲ್ಲೂ ಮೂರನೇ ಮೊಳೇನೇ ಜಾರಿತಾ? ಹನ್ನೆರಡರಲ್ಲೂ ಅಷ್ಟೇ ಉದ್ದ ಮರ ಸೀಳ್ತಾ?"

ಸೂಜಿಯಕ್ಕ ಕಾಗದ ಎತ್ತಿಕೊಳ್ಳಲು ಕೈ ಚಾಚಿದಳು, ಅಮ್ಮ ಬಿಡಲಿಲ್ಲ.

"ನಲವತ್ತು ವರ್ಷ ನೀನು ಇಳಿಸೋ ಥರದ ಅಂಚಿನ ಮೇಲೇ ದಾರ ಎಳೆದಿದೀನಿ," ಎಂದಳು ಅಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಒಂದೇ ಅಚ್ಚು ಸರಿಸಿದ್ದು ನನ್ನ ಬೆರಳಿಗೆ ಗೊತ್ತಾಗಲ್ವಾ? ಮುಖ ನೋಡ್ಕೊಂಡು ಚುಚ್ಚಬೇಡ ಅಂದಿದ್ನಲ್ಲೇ."

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಸೂಜಿಯಕ್ಕ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಒಂದೇ ಬಾಗಿಲು ಎಂದಳು. ಬಡಗಿ ಅಂದಿದ್ದನ್ನು ಹೇಳಿದಳು, ತಗಡಿನ ಪಟ್ಟಿ, ಕಲ್ಲಿನ ಏಟು. ಹೇಳುತ್ತಾ ಹೇಳುತ್ತಾ ಅವಳಿಗೆ ಹೆದರಿಕೆಯಾಯಿತು. "ಆ ಒಂದು ಬಾಗಿಲಲ್ಲಿ ಇದ್ದಿದ್ದು ಮಾತ್ರ ನಿಜ ಅಮ್ಮ. ದೇವರಾಣೆ. ಅದನ್ನೂ ನಾನೇ ಕಟ್ಟಿದ್ದು ಅಂದ್ಕೋಬೇಡ."

"ಅಂದ್ಕೊಳಲ್ಲ," ಎಂದಳು ಅಮ್ಮ. ಅವಳ ತೋರುಬೆರಳು ಆ ಓರೆ ತೂತಿನ ಮೇಲೆ ಇತ್ತು. "ಇದನ್ನ ನೀನು ಕಟ್ಟೋಕಾಗಲ್ಲ. ಮೊಳೆ ಕೊಟ್ಟಿದ್ದು ನಾನು."

ಸೂಜಿಯಕ್ಕ ತಲೆಯೆತ್ತಿದಳು.

"ಪಕ್ಕದ ಮನೆ ಮಗು ಕಾಲುವೆಗೆ ಬಿದ್ದು ಹೋಯ್ತು. ಅದಾಗಿ ಎರಡು ದಿನಕ್ಕೆ ಅಮ್ಮ ತಗಡು ತಂದ್ಲು. ಹೆದರಿಕೆ ಅವಳಿಗೆ. ಪೆಟ್ಟಿಗೆಯಿಂದ ಕಿತ್ತ ಮೊಳೆಗಳು, ನಾನು ಅಂಗೈಲಿ ಹಿಡ್ಕೊಂಡು ಒಂದೊಂದೇ ಕೊಡ್ತಿದ್ದೆ. ಮೂರನೇದು ಸೊಟ್ಟ ಇತ್ತು. ಹೊಡೆದಾಗ ಜಾರಿ ಅವಳ ಹೆಬ್ಬೆರಳು ಜಜ್ಜಿತು. ಸೊಟ್ಟ ಮೊಳೆ ಕೊಡ್ತೀಯಲ್ಲೇ ಅಂತ ತಲೆ ಮೇಲೆ ಮೊಟಕಿದ್ಲು. ಆಮೇಲೆ ನಕ್ಕಿದ್ಲು." ಅಮ್ಮ ಆ ತೂತನ್ನು ಮತ್ತೊಮ್ಮೆ ಸವರಿದಳು. "ಅವಳು ಚಿಲಕ ಇರ್ಲೇ ಇಲ್ಲ ಅಂದಾಗ, ಈ ಸೊಟ್ಟ ಮೊಳೇನೂ ಕನಸೇ ಅಂದ್ಕೊಂಡೆ. ಅಮ್ಮ ಸುಳ್ಳು ಹೇಳ್ತಾಳಾ? ಎಪ್ಪತ್ತು ವರ್ಷ ನಿದ್ದೆ ಹೋದೋಳು ಅಂತ ನನ್ನನ್ನೇ ಬೈದುಕೊಂಡೆ."

ಬೆಳಕಿಲ್ಲದ ಅವಳ ಕಣ್ಣುಗಳಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ಬಡಿದೆ ಕಣೇ. ಎರಡೂ ಕೈಲಿ ಬಡಿದೆ. ಅವನು ಸುಮ್ಮನಾದ ಮೇಲೂ ಬಡಿದೆ."

"ನಾನೂ ಬಡಿದು ನೋಡಿದೆ ಅಮ್ಮ," ಎಂದಳು ಸೂಜಿಯಕ್ಕ. "ಹೊರಗೆ ಕೇಳಿಸಲ್ಲ."

ಅಮ್ಮ ಅದನ್ನು ಕೇಳಿ ತಲೆಯಾಡಿಸಿದಳು. ಕೊನೆಗೆ ಅಂದಳು: "ಒಂದು ಸಲ ಹೇಳಬಹುದಿತ್ತು. ಸಾಯೋ ಮುಂಚೆ, ತಲೆ ಬಾಚಿಸ್ಕೊಳೋವಾಗ, ಒಂದೇ ಒಂದು ಸಲ."

"ಹೇಳಿದ್ರೆ ಏನು ಮಾಡ್ತಿದ್ದೆ?"

"ಏನು ಮಾಡ್ತಿದ್ದೆ. ತಲೆ ಬಾಚ್ತಿದ್ದೆ."

ಆಮೇಲೆ ಅಮ್ಮ ಕಾಗದವನ್ನು ತೊಡೆಯ ಮೇಲೆ ನೇರವಾಗಿ ಹಾಸಿಕೊಂಡಳು. ತೊಟ್ಟಿಯ ಕಡೆಯ ಮೊದಲ ಬಾಗಿಲನ್ನು ಹುಡುಕಿ, ಚಿಲಕದ ಐದು ತೂತುಗಳ ಉಬ್ಬನ್ನೂ ಸೀಳಿನ ಗೆರೆಯನ್ನೂ ಹೆಬ್ಬೆರಳಿನ ಉಗುರಿನಿಂದ ಒಂದೊಂದಾಗಿ ಉಜ್ಜಿ ಕೂರಿಸತೊಡಗಿದಳು, ಕಾರ್ಖಾನೆಯಲ್ಲಿ ತಪ್ಪು ತೂತಿನ ಬಾಯಿ ಮುಚ್ಚುವ ಹಾಗೆ. ಮೊದಲನೆಯದು ಮುಗಿದ ಮೇಲೆ ಎರಡನೆಯದು. "ನಾನು ಮಾಡ್ತೀನಿ ಕೊಡಮ್ಮ" ಎಂದರೆ ಕೇಳಲಿಲ್ಲ. ನಾಲ್ಕು ಮುಗಿಸಿ ಐದನೆಯದನ್ನು ಮುಟ್ಟಿ ನೋಡಿ, ಹಾಗೇ ಬಿಟ್ಟು ಮುಂದೆ ಹೋದಳು. ಸೂಜಿಯಕ್ಕ ಕಾಗದ ಜಾರದಂತೆ ಅದರ ತುದಿಯನ್ನು ಹಿಡಿದುಕೊಂಡು ಕೂತಳು.